ನಿಮಗಿದು ಗೊತ್ತೆ? ಮೈಸೂರಿನ ಬರ, ಮಾಲ್ಗುಡಿಯ ಸ್ವಾಮಿ

ಪಾದ್ರಿ ವೇಷ ತೊಟ್ಟು, ತಾವೇ ಹೂತಿಟ್ಟ ನಕಲಿ ನಿಧಿಯನ್ನು ಅಗೆದು ತೋರಿಸಿ ಬಡ ರೈತರ ದುಡ್ಡು ದೋಚುವ ಠಕ್ಕರನ್ನು ಇಟಲಿಯ ಫೆಡೆರಿಕೊ ಫೆಲಿನಿ 1955ರಲ್ಲಿ ‘ಇಲ್ ಬಿದೋನೆ’ ಸಿನಿಮಾದಲ್ಲಿ ತೋರಿಸಿದರು. ಮೂರೇ ವರ್ಷಕ್ಕೆ ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ‘ದಿ ಗೈಡ್’ ಕಾದಂಬರಿ ತಂದರು. ಇದರ ನಾಯಕ, ಮಾಲ್ಗುಡಿ ಎಂಬ ಕಲ್ಪಿತ ಊರಿನ ರಾಜು, ಆ ಠಕ್ಕರಂತೆ ವೇಷ ಹುಡುಕಿಕೊಂಡು ಹೋದವನಲ್ಲ. ಜೈಲಿನಿಂದ ಬಂದವನನ್ನು ಹಳ್ಳಿಯವರೇ ಸ್ವಾಮಿ ಮಾಡಿಬಿಟ್ಟರು! ಮಳೆಗಾಗಿ ಉಪವಾಸ ಕೂತಾಗ ಮೊದಲು ಕದ್ದು ತಿಂದ ಆಸಾಮಿ, ಆಮೇಲೆ ನಿಜವಾಗಿಯೇ ಹಸಿದು ಕೂತ.

ಈ ಉಪವಾಸದ ಬೇರು ಮೈಸೂರಿನಲ್ಲೇ ಇದೆ. ಕಾದಂಬರಿಗೆ ಮುನ್ನ ಅಲ್ಲಿ ಬಿದ್ದ ಬರದಲ್ಲಿ ಕನ್ನಂಬಾಡಿ ಕಟ್ಟೆ ಬತ್ತಿ, ಮುಳುಗಿದ್ದ ಹಳೆಯ ಗುಡಿ ಹೊರಗೆ ಕಂಡಿತ್ತು. ಪುರಸಭೆ ಪ್ರಾರ್ಥನೆ ಏರ್ಪಡಿಸಿತು. ಒಣಗಿದ ಕಾವೇರಿಯಲ್ಲಿ, ದುಬಾರಿ ಖರ್ಚಿನಲ್ಲಿ ತರಿಸಿದ (ಹೌದು, ತರಿಸಿದ!) ಮೊಣಕಾಲುದ್ದ ನೀರಲ್ಲಿ ನಿಂತು ಬ್ರಾಹ್ಮಣರು 11 ದಿನ ಉಪವಾಸವಿದ್ದು ಮಂತ್ರ ಪಠಿಸಿದರು, 12ನೇ ದಿನ ಮಳೆ ಬಂತು ಎಂದು ನಾರಾಯಣ್ ಆತ್ಮಕಥೆ ‘ಮೈ ಡೇಸ್’ನಲ್ಲಿ ಹೇಳಿದ್ದಾರೆ.

ಕಾದಂಬರಿಯಲ್ಲಿ ಮಾತ್ರ ಮಳೆ ಬಂತೋ ಇಲ್ಲವೋ, ಕಿಲಾಡಿ ನಾರಾಯಣ್ ಬಿಟ್ಟುಕೊಡಲಿಲ್ಲ. 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕಾದಂಬರಿಗೇ ಸಂದಿತು. ಇದನ್ನೇ ಆಧರಿಸಿದ 1965ರ ದೇವಾನಂದ್ ಸಿನಿಮಾದಲ್ಲಿ ಮಾತ್ರ ಮಳೆ ಧಾರಾಕಾರ ಸುರಿಯಿತು.