ಭಿನ್ನಮತಕ್ಕೆ ಜಗ್ಗದ ಸ್ನೇಹ

ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯರು ಸಹ ದೇವರು, ನಂಬಿಕೆಗಳ ಮಾತು ಬಂದಾಗ ಮುಖ ತಿರುಗಿಸಿಕೊಂಡು ಹೋಗುವುದುಂಟು. ಅಂಥವರಿಗೆ ಗಾಂಧೀಜಿ ಮತ್ತು ರವೀಂದ್ರನಾಥ ಠಾಕೂರರ ನಡುವೆ 1934ರಲ್ಲಿ ನಡೆದ ವಾದ ಒಂದು ಪಾಠ.

ಇಬ್ಬರ ಮೊದಲ ಭೇಟಿ 1915ರಲ್ಲಿ, ಶಾಂತಿನಿಕೇತನದಲ್ಲಿ. ಚರಕದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೂ ಸ್ನೇಹ ಉಳಿದಿತ್ತು. 1932ರಲ್ಲಿ ಯೆರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸ ಮುಗಿಸಿದಾಗ ಠಾಕೂರರು ಪಕ್ಕದಲ್ಲಿದ್ದು ಹಾಡಿದ್ದರು. ಅಸ್ಪೃಶ್ಯತೆ ತೊಲಗಬೇಕೆಂಬುದರಲ್ಲಿ ಇಬ್ಬರದೂ ಒಂದೇ ಮನಸ್ಸು.

1934ರ ಜನವರಿ 15ರಂದು ಬಿಹಾರ, ನೇಪಾಳಗಳಲ್ಲಿ ಭಾರಿ ಭೂಕಂಪವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ದಕ್ಷಿಣ ಭಾರತದಲ್ಲಿ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು.

ಠಾಕೂರರಿಗೆ ನೋವಾಯಿತು. ನಿಸರ್ಗದ ಘಟನೆಗೆ ನಿಸರ್ಗದಲ್ಲೇ ಕಾರಣ ಹುಡುಕಬೇಕು. ಇಂಥ ಮಾತು ಜನರ ಮೌಢ್ಯವನ್ನು ಬಲಪಡಿಸುತ್ತದೆ ಎಂದು ಅವರು ಹೇಳಿಕೆ ಬರೆದರು. ಅಸ್ಪೃಶ್ಯತೆಯನ್ನು ಬಯಸುವವರೂ ಇದೇ ತರ್ಕ ಹಿಡಿದು, ಭೂಕಂಪಕ್ಕೆ ಗಾಂಧಿಯ ಚಳವಳಿಯೇ ಕಾರಣ ಎನ್ನಬಹುದಲ್ಲವೇ ಎಂದೂ ಕೇಳಿದರು.

ಗಾಂಧೀಜಿ ಆ ಹೇಳಿಕೆಯನ್ನು ಮುಚ್ಚಿಡಲಿಲ್ಲ. ಫೆಬ್ರುವರಿ 16ರ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅದನ್ನು ಅಚ್ಚು ಹಾಕಿಸಿ, ಜೊತೆಗೆ ಉತ್ತರ ಬರೆದರು. ತಮ್ಮ ನಂಬಿಕೆಯನ್ನು ಸಾಬೀತು ಮಾಡಲಾರೆನೆಂದು ಒಪ್ಪಿಕೊಂಡರು. ನಗೆಪಾಟಲಾದೇನೆಂಬ ಅಂಜಿಕೆಯಿಂದ ಅದನ್ನು ಬಚ್ಚಿಡಲಾರೆನೆಂದೂ ಹೇಳಿದರು. ಯಾರೂ ಸೋಲೊಪ್ಪಲಿಲ್ಲ.

ಭಾರತದ ಭೂಫಲಕ ಯುರೇಷ್ಯಾದ ಫಲಕದ ಅಡಿಗೆ ಒತ್ತಿಕೊಂಡು ಸರಿಯುವುದೇ ಹಿಮಾಲಯದ ಭೂಕಂಪಗಳಿಗೆ ಕಾರಣವೆಂದು ಇಂದು ಶಾಲೆಯ ಮಕ್ಕಳೂ ಓದುತ್ತಾರೆ. ಕಾರಣದ ಮಟ್ಟಿಗೆ ಠಾಕೂರರ ಮಾತೇ ಸರಿ. ಆದರೆ ತಮ್ಮ ವಿರುದ್ಧದ ಮಾತಿಗೆ ತಮ್ಮದೇ ಪತ್ರಿಕೆಯಲ್ಲಿ ಜಾಗ ಕೊಟ್ಟ ದೊಡ್ಡತನ ಗಾಂಧೀಜಿಯದು.

ಸ್ನೇಹ ಮುರಿಯಲಿಲ್ಲ. 1936ರಲ್ಲಿ, 75ರ ಹೊಸ್ತಿಲಲ್ಲಿದ್ದ ಠಾಕೂರರು ವಿಶ್ವಭಾರತಿಗೆ ಹಣ ಕೂಡಿಸಲು ನೃತ್ಯ ತಂಡದೊಡನೆ ಊರೂರು ಅಲೆಯುತ್ತಿದ್ದರು. ಅದನ್ನು ನೋಡಲಾರದೆ ಗಾಂಧೀಜಿ ದಾನಿಗಳಿಂದ 60,000 ರೂಪಾಯಿ ಕೊಡಿಸಿದರು. 1940ರ ಫೆಬ್ರುವರಿಯಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದು ಹೊರಟಾಗ ಠಾಕೂರರು ಅವರ ಕೈಗೊಂದು ಪತ್ರವಿತ್ತು, ವಿಶ್ವಭಾರತಿಯನ್ನು ಕಾಪಾಡಬೇಕೆಂದು ಕೋರಿದರು. ಮರುವರ್ಷ ಠಾಕೂರರು ತೀರಿಕೊಂಡರು.

ಮಕ್ಕಳು ಮನೆಯಲ್ಲಿ ‘ಇದು ಯಾಕೆ ಹೀಗೆ?’ ಎಂದು ಕೇಳಿದಾಗ ಹಿರಿಯರು ಗದರಿಸಬೇಕಿಲ್ಲ. ಹಿರಿಯರ ಭಕ್ತಿಯನ್ನು ಮಕ್ಕಳು ಗೇಲಿ ಮಾಡಬೇಕಿಲ್ಲ. ಗುರುದೇವ–ಮಹಾತ್ಮ ಎಂದು ಪರಸ್ಪರ ಗೌರವದಿಂದ ಕರೆಯುತ್ತಲೇ ‘ನಿಮ್ಮ ಮಾತು ಒಪ್ಪಲಾರೆ’ ಎಂದವರು ಅವರಿಬ್ಬರು.