‘ಮಾಲಿನ್ಯ’: ಒಂದು ಪದವಿಚಾರ

‘ಮಲ’ದಿಂದ ‘ಮಲಿನ’, ‘ಮಲಿನ’ದಿಂದ ‘ಮಾಲಿನ್ಯ’. ದೀನನ ಭಾವ ದೈನ್ಯವಾಗುವಂತೆ ಮಲಿನವಾದುದರ ಭಾವ ಮಾಲಿನ್ಯ. ಭಾವಾರ್ಥ ಇಲ್ಲಿಯೇ ಪೂರ್ಣವಾಗಿರುವುದರಿಂದ ‘ಮಾಲಿನ್ಯತೆ’ ಎಂದು ಮತ್ತೊಂದು ಪ್ರತ್ಯಯವನ್ನು ಹೇರುವುದು ಅನವಶ್ಯಕ. ‘ಮಾಲಿನ್ಯ ನೀರು’ ಎಂಬುದೂ ಸಲ್ಲದು. ‘ಮಲಿನವಾದ ನೀರು’ ಎನ್ನಬೇಕು. ವಿದ್ಯಾರ್ಥಿಗಳ ಬರಹದಲ್ಲಿ ಈ ಎರಡು ದೋಷಗಳನ್ನೂ ನಾನು ಮೇಲಿಂದ ಮೇಲೆ ಕಾಣುತ್ತೇನೆ. ಆದರೆ ವ್ಯಾಕರಣವನ್ನು ತಿದ್ದಿದ ಮಾತ್ರಕ್ಕೆ ಈ ಪದದ ತೊಡಕು ತೀರುವುದಿಲ್ಲ.

ಬಟ್ಟೆಯ ಕೊಳೆಗೂ ಮನಸ್ಸಿನ ಕಲ್ಮಷಕ್ಕೂ ಸಲ್ಲುತ್ತಿದ್ದ ಈ ಮಾತು 1974ರ ಜಲ ಮಾಲಿನ್ಯ ಕಾಯಿದೆಯ ಹೆಸರಿನಲ್ಲಿ ಸೇರಿತು. ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ವರ್ಷ ಸ್ಥಾಪಿತವಾಯಿತು. ಕಾಯಿದೆಯ ಒರೆಗಲ್ಲು ಕೊಳೆಯಲ್ಲ, ಕೇಡು. ಜನದ ಒರೆಗಲ್ಲಾದರೋ ಇಂದಿಗೂ ಕಣ್ಣು, ಮೂಗು.

ಇದರ ಪರಿಣಾಮವೇನೆಂಬುದನ್ನು ಸುಗಟೂರನ್ನೊಳಗೊಂಡ ಕೋಲಾರದ ಸೀಮೆ ತೋರಿಸುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ಬಂಡೆಯ ಒಡಲಲ್ಲಿ ಬಹುಕಾಲ ನಿಂತ ನೀರು ಹಲವೆಡೆ ಫ್ಲೋರೈಡನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲ. ಮಕ್ಕಳ ಹಲ್ಲಿಗೆ ಕಲೆ, ವರ್ಷಗಟ್ಟಲೆ ಕುಡಿದವರ ಕೀಲುಮೂಳೆಗೆ ಬಿಗಿತ. ಆದರೂ ಆ ನೀರಿಗೆ ಬಗ್ಗಡವಿಲ್ಲ, ನಾತವಿಲ್ಲ. ಅದನ್ನು ‘ಮಲಿನ’ವೆನ್ನಲು ನಾಲಗೆ ಹಿಂಜರಿಯುತ್ತದೆ.

ಇದೇ ಜಿಲ್ಲೆಯ ಕೆರೆಗಳಿಗೆ 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿನೀರು ಎರಡು ಹಂತಗಳಲ್ಲಿ ಶುದ್ಧಿಗೊಂಡು ಬರತೊಡಗಿತು. ಕೆಲವರಿಗೆ ಅದು ‘ಸಂಸ್ಕರಿತ ನೀರು’, ಕೆಲವರಿಗೆ ‘ಕೊಳಚೆ ನೀರು’. ಕೆರೆಯಲ್ಲಿ ನೊರೆ ಕಂಡಿತು. ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಕಂಡ ನೊರೆಗೆ ಹೆಸರು ಬೇಗ ಹತ್ತುತ್ತದೆ; ಕಾಣದ ಫ್ಲೋರೈಡಿಗೆ ಹಾಗೆ ಹತ್ತುವುದಿಲ್ಲ.

ಇಲ್ಲಿ ‘ದೂಷಿತ’ ಎಂಬ ಪದ ನಮಗೆ ಒದಗೀತೆಂದು ನನ್ನ ಅಭಿಪ್ರಾಯ. ‘ದೋಷ’ವೂ ಇದೂ ಒಂದೇ ಧಾತುವಿನಿಂದ ಬಂದವು. ಹಿಂದಿಯವರ ‘ಪ್ರದೂಷಣ’ವೂ ಅದೇ ಮೂಲದ್ದು. ದೋಷ ಕಣ್ಣಿಗೆ ಕಾಣಲೇಬೇಕೆಂಬ ನಿಯಮವಿಲ್ಲ. ಅದನ್ನು ತಂದು ಸುರಿದವನೊಬ್ಬ ಇರಲೇಬೇಕೆಂದೂ ಇಲ್ಲ. ಮನುಷ್ಯನು ಹರಿಯಬಿಟ್ಟ ಹೊಲಸಿಗೆ ‘ಮಾಲಿನ್ಯ’ ಇರಲಿ. ಬಂಡೆಯಿಂದಲೇ ಕೇಡನ್ನು ಹೊತ್ತುಬಂದ ತಿಳಿನೀರನ್ನು ‘ದೂಷಿತ’ವೆನ್ನೋಣ.

ನೀರು ತಿಳಿಯೇ ಎಂಬುದನ್ನು ಕಣ್ಣು ಹೇಳಬಲ್ಲುದು. ನಿರ್ದೋಷವೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಈ ಎರಡು ಮಾತುಗಳ ಅಂತರವನ್ನು ಶಾಲೆಯಲ್ಲಿ ಕಲಿತ ಮಗು ಮನೆಯ ಕೊಡದ ನೀರನ್ನು ಕುರಿತು ಕೇಳಬೇಕಾದ ಪ್ರಶ್ನೆಯನ್ನು ಕೇಳೀತು.