ಕಾಲೇಜಿಗೆ ಹೋಗೋ ಮಕ್ಕಳ ಬೈಕ್ ಟಯರ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?



ಟ್ರ್ಯಾಕ್ಟರ್ ಟಯರ್ ಸವೆದರೆ ಉಳುವಾಗಲೇ ಗೊತ್ತಾಗುತ್ತೆ. ಬೈಕ್ ಟಯರ್ ಸವೆದರೂ ಗಾಡಿ ಓಡ್ತಾನೇ ಇರುತ್ತೆ. ಗೊತ್ತಾಗೋದು ಮಳೆಯಲ್ಲಿ ಬ್ರೇಕ್ ಹಿಡಿದಾಗ. 18 ತುಂಬಿ ಲೈಸೆನ್ಸ್ ಆದ ಮಗನಿಗೋ ಮಗಳಿಗೋ ನಾವು ಕೊಡೋದು ಮನೆಯ ಹಳೇ ಬೈಕು. ಬೆಳಗ್ಗೆ ಡೇರಿಗೆ ಹಾಲು, ಆಮೇಲೆ ಕಾಲೇಜು, ಸಂಜೆ ಹಿಂಡಿ ಚೀಲ. ಸವಾರರು ಹೊಸಬರು, ಟಯರ್ ಹಳೇದು ಅಂದ್ರೆ ಅಪಾಯ ಎರಡು ಪಟ್ಟು.

ಬದಲಿಸೋದು ಯಾವಾಗ?

ಟಯರಿನ ಅಂಚಿನಲ್ಲಿ ‘ಟಿಡಬ್ಲ್ಯುಐ’ ಅಂತ ಇಂಗ್ಲಿಷ್ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುತ್ತೆ. ಅದರ ನೇರಕ್ಕೆ ಗ್ರಿಪ್ ಸಂದಿನೊಳಗೆ ಒಂದು ಉಬ್ಬು ಕಾಣುತ್ತೆ. ಗ್ರಿಪ್ ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಟಯರ್ ಮುಗಿದಂತೆ. ಪಕ್ಕದಲ್ಲಿ ಬಿರುಕು, ಊತ ಇದ್ದರೆ ಗ್ರಿಪ್ ಚೆನ್ನಾಗಿದ್ದರೂ ತೆಗೆಸಿ.

ಅಂಗಡಿಯಲ್ಲಿ ನೋಡಬೇಕಾದ್ದು

* ಅಳತೆ: ಹಳೇ ಟಯರ್ ನಂಬಬೇಡಿ, ಗಾಡಿಯ ಪುಸ್ತಕ ನೋಡಿ. ಉದಾಹರಣೆಗೆ 80/100-18, ಪಕ್ಕದಲ್ಲಿ 47 ಪಿ. 47 ಅಂದ್ರೆ ಆ ಟಯರ್ ಗರಿಷ್ಠ 175 ಕೆ.ಜಿ. ಹೊರುತ್ತೆ. ಪುಸ್ತಕದಲ್ಲಿರೋದಕ್ಕಿಂತ ಕಡಿಮೆ ಸಂಖ್ಯೆಯದ್ದು ಬೇಡ.
* ವಯಸ್ಸು: ಬೀಜದ ಪ್ಯಾಕೆಟ್ಟಿನ ತಾರೀಖು ನೋಡೋ ಹಾಗೆ ಇದನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2325 ಅಂದ್ರೆ 2025ರ 23ನೇ ವಾರ ತಯಾರಾದದ್ದು.
* ಐಎಸ್ಐ ಗುರುತು ಮತ್ತು ಬಿಲ್: ಎರಡೂ ಇರಲೇಬೇಕು. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳೋದು ಕಷ್ಟ.

ಉಳಿತಾಯದ ದಾರಿ

ದುಬಾರಿ ಬ್ರ್ಯಾಂಡೇ ಬೇಕಿಲ್ಲ, ಅಗಲದ ಟಯರೂ ಬೇಕಿಲ್ಲ. ಎರಡು ಮೂರು ಅಂಗಡಿಯಲ್ಲಿ ಟ್ಯೂಬ್, ಫಿಟ್ಟಿಂಗ್ ಎಲ್ಲಾ ಸೇರಿಸಿ ದರ ಕೇಳಿ. ಸಾಮಾನ್ಯವಾಗಿ ಹಿಂದಿನದು ಬೇಗ ಸವೆಯುತ್ತೆ. ಮುಂದಿನದು ಚೆನ್ನಾಗಿದ್ದರೆ ಒಂದನ್ನೇ ಬದಲಿಸಿ. ಆದರೆ ಸೆಕೆಂಡ್ ಹ್ಯಾಂಡ್, ರಿಮೋಲ್ಡ್ ಟಯರ್ ಬೈಕಿಗೆ ಬೇಡವೇ ಬೇಡ. ಹೊಸ ಟಯರಿಗೆ ಹಳೇ ಟ್ಯೂಬೂ ಬೇಡ. ತೋಟದ ಕೆಸರಿಗೆ ಅಂತ ದಪ್ಪ ಬಟನ್ ಟಯರ್ ಹಾಕಿಸಿದರೆ ಒದ್ದೆ ಡಾಂಬರಿನ ಮೇಲೆ ಹಿಡಿತ ಕಡಿಮೆಯಾಗುತ್ತೆ. ಕಾಲೇಜಿಗೆ ಹೋಗೋದು ಡಾಂಬರು ರಸ್ತೆಯಲ್ಲೇ ತಾನೇ?

ಹಾಕಿಸಿದ ಮೇಲೆ

ಟಯರಿನ ಮೇಲಿನ ಬಾಣದ ಗುರುತು ಚಕ್ರ ತಿರುಗೋ ದಿಕ್ಕಿಗೇ ಇದೆಯಾ ನೋಡಿ. ಹೊಸ ಟಯರ್ ಮೇಲ್ಮೈ ನುಣುಪಾಗಿರುತ್ತೆ, ಮೊದಲ 100-150 ಕಿ.ಮೀ. ನಿಧಾನ ಓಡಿಸೋಕೆ ಹೇಳಿ. ವಾರಕ್ಕೊಮ್ಮೆ ಟಯರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಒಬ್ಬರಿಗೆ ಎಷ್ಟು, ಇಬ್ಬರು ಅಥವಾ ಹೊರೆ ಇದ್ದಾಗ ಎಷ್ಟು ಅನ್ನೋದು ಪುಸ್ತಕದಲ್ಲೇ ಇದೆ. ಹೊಳಪಿಗೆ ಅಂತ ಡೀಸೆಲ್, ವೇಸ್ಟ್ ಆಯಿಲ್ ಒರೆಸಬೇಡಿ. ರಬ್ಬರ್ ಹಾಳಾಗುತ್ತೆ, ಗಾಡಿ ಜಾರುತ್ತೆ.

ಕೊನೆಗೊಂದು ಮಾತು. ರಾಗಿ, ಹುರುಳಿ ಒಕ್ಕಣೆಗೆ ನಾವೇ ರಸ್ತೆ ಮೇಲೆ ಹರಡ್ತೀವಿ. ಆ ಹುಲ್ಲಿನ ಮೇಲೆ ಎಂಥಾ ಹೊಸ ಟಯರೂ ಹಿಡಿತ ಕೊಡಲ್ಲ. ನಮ್ಮ ಮಕ್ಕಳು ಬರೋದೂ ಅದೇ ರಸ್ತೆಯಲ್ಲಿ. ಈ ಸುಗ್ಗಿಗೆ ಕಣ ಮಾಡ್ಕೊಳ್ಳೋಣ.